ಮುಪ್ಪು ರೋಗದ ಹೆಸರಲ್ಲ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಗಳಲ್ಲಿ ಅನುಭವದ ಸಾರವಿರುತ್ತದೆಂಬುದು ದಿಟವೇ. ಆದರೆ ಕೆಲವು ಗಾದೆಗಳು ವಿಚಾರಕ್ಕೆ ದಾರಿಮಾಡಿಕೊಡುವ ಬದಲು ವಿಚಾರದ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಈ ಗಾದೆ ಆ ಬಗೆಯದೆಂದು ನಮಗೆ ಮನವರಿಕೆಯಾದುದು ದಾವಣಗೆರೆಯ ವಿದ್ಯಾನಗರದಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆಗಳಾಚೆ ವಾಸಿಸುವ ನಿವೃತ್ತ ಹವಾಲ್ದಾರರೊಬ್ಬರ ದೆಸೆಯಿಂದ.

ಅವರು 1971ರ ಯುದ್ಧದಲ್ಲಿ ಫಿರಂಗಿದಳದಲ್ಲಿದ್ದವರು, ಎಪ್ಪತ್ತೈದನ್ನು ದಾಟಿದವರು. ಬೀದಿಯ ಮಕ್ಕಳಿಗೆಲ್ಲ ‘ಮಿಲಿಟ್ರಿ ಅಜ್ಜ’. ಬೆಳಗಿನ ಐದೂವರೆಗೆ ಅವರು ವಾಯುಸಂಚಾರಕ್ಕೆ ಹೊರಟ ಸಪ್ಪಳ ಕೇಳಿ ಗಡಿಯಾರವನ್ನು ಸರಿಪಡಿಸಿಕೊಳ್ಳಬಹುದಾಗಿತ್ತು. ಎರಡು ವರ್ಷಗಳ ಹಿಂದೆ ಬೇರೊಂದು ಊರಿಗೆ ಹೋಗಿದ್ದಾಗ ಜ್ವರ ಬಂದು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಮಲಗಿದರು. ಹಿಂದಿರುಗಿದವರು ಹಿಂದಿನವರಾಗಿರಲಿಲ್ಲ. ಬಚ್ಚಲಲ್ಲಿ ಎರಡು ಬಾರಿ ಬಿದ್ದರು. ಹಗಲೆಲ್ಲ ತೂಕಡಿಕೆ. ಕೇಳಿದ ಪ್ರಶ್ನೆಯೊಂದು, ಕೊಡುವ ಉತ್ತರ ಇನ್ನೊಂದು. ಮನೆಯವರು ಒಬ್ಬರಲ್ಲ, ಮೂವರು ವೈದ್ಯರಿಗೆ ತೋರಿಸಿದರು. ಮೂವರೂ ಒಂದೊಂದು ಮಾತ್ರೆಯನ್ನು ಹೆಚ್ಚಿಸಿ, ‘ವಯಸ್ಸಾಯಿತಲ್ಲ’ ಎಂದರು. ನೆರೆಹೊರೆಯವರೂ ಅದನ್ನೇ ಅಂದರು. ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ನಾವೂ ಅದನ್ನೇ ಅಂದೆವು.

ಇದೇಕೆ ನಾಚಿಕೆಗೆ ಕಾರಣವೆಂದು ವಿದ್ಯಾರ್ಥಿಗಳು ಕೇಳಬಹುದು. ಲೋಲಕವು ಕೆಲವು ಹೊತ್ತಿನ ಮೇಲೆ ಏಕೆ ನಿಲ್ಲುತ್ತದೆಂಬ ಪ್ರಶ್ನೆಗೆ ಯಾವನಾದರೂ ವಿದ್ಯಾರ್ಥಿ ‘ಅದಕ್ಕೆ ಬಹಳ ಹೊತ್ತಾಯಿತು, ಅದಕ್ಕೇ ನಿಂತಿತು’ ಎಂದು ಬರೆದರೆ ನಾವು ಅವನಿಗೆ ಸೊನ್ನೆ ಕೊಡುತ್ತೇವೆ. ಕಾಲವು ತಾನಾಗಿ ಯಾವುದನ್ನೂ ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಗಾಳಿಯ ತಡೆ ಮತ್ತು ಘರ್ಷಣೆ. ಘರ್ಷಣೆಯನ್ನು ಅಳೆಯಬಹುದು, ಬಲುಮಟ್ಟಿಗೆ ತಗ್ಗಿಸಲೂಬಹುದು. ಹಾಗೆಯೇ ‘ವಯಸ್ಸಾಯಿತು’ ಎಂಬುದು ಒಂದು ಕಾಲಮಾನವೇ ಹೊರತು ಕಾರಣವಲ್ಲ. ತರಗತಿಯಲ್ಲಿ ಸೊನ್ನೆ ಪಡೆಯುವ ಉತ್ತರವನ್ನು ನಾವು ನಮ್ಮ ಬೀದಿಯ ಹಿರಿಯರ ವಿಷಯದಲ್ಲಿ ಒಪ್ಪಿಕೊಂಡುಬಿಟ್ಟಿದ್ದೆವು.

ಈ ಉತ್ತರವನ್ನು ಒಪ್ಪದಿರುವುದನ್ನೇ ವೃತ್ತಿಯಾಗಿ ಮಾಡಿಕೊಂಡ ವೈದ್ಯರಿದ್ದಾರೆ. ಅವರ ಶಾಸ್ತ್ರಕ್ಕೆ ಜರಾವೈದ್ಯವೆಂದು ಹೆಸರು; ಇಂಗ್ಲಿಷಿನಲ್ಲಿ ಜೀರಿಯಾಟ್ರಿಕ್ಸ್ ಎನ್ನುತ್ತಾರೆ. ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಜರೆಯ ಚಿಕಿತ್ಸೆಯೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಆಧುನಿಕ ಅರ್ಥದಲ್ಲಿ ಈ ಶಾಸ್ತ್ರಕ್ಕೆ ಹೆಸರಿಟ್ಟವನು ಅಮೆರಿಕದ ವೈದ್ಯ ಇಗ್ನಾಟ್ಸ್ ನ್ಯಾಷರ್, 1909ರಲ್ಲಿ. ಅದನ್ನು ಆಚರಣೆಗೆ ತಂದವರಲ್ಲಿ ಅಗ್ರಗಣ್ಯಳು ಇಂಗ್ಲೆಂಡಿನ ಮಾರ್ಜೊರಿ ವಾರೆನ್. 1935ರಲ್ಲಿ ಲಂಡನ್ನಿನ ಪಶ್ಚಿಮದ ಆಸ್ಪತ್ರೆಯೊಂದರಲ್ಲಿ, ‘ಇವರಿಗೆ ಇನ್ನೇನೂ ಮಾಡುವಂತಿಲ್ಲ’ ಎಂದು ಹಾಸಿಗೆಯಲ್ಲಿ ಬಿಟ್ಟಿದ್ದ 714 ಮಂದಿ ರೋಗಿಗಳ ಹೊಣೆ ಆಕೆಗೆ ಬಂದಿತು. ಆಕೆ ಮಾಡಿದ ಮೊದಲ ಕೆಲಸ ಒಬ್ಬೊಬ್ಬರನ್ನೂ ಪರೀಕ್ಷಿಸಿದುದು. ಎಷ್ಟೋ ಮಂದಿ ಎದ್ದು ನಡೆಯಬಲ್ಲವರಾಗಿದ್ದರು; ಅವರನ್ನು ಯಾರೂ ಎಬ್ಬಿಸಿರಲಿಲ್ಲ, ಅಷ್ಟೆ. ಅನೇಕರು ಮನೆಗೆ ಮರಳಿದರು.

ಮುದಿ ಸೈನಿಕರಿಗೂ ಈ ಶಾಸ್ತ್ರಕ್ಕೂ ಒಂದು ವಿಶೇಷ ನಂಟುಂಟು. ಸೈನಿಕರಿಗೆ ಆಶ್ರಯ ಕೊಡುವ ಪದ್ಧತಿ ಹಳೆಯದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1670ರಲ್ಲಿ ಪ್ಯಾರಿಸಿನಲ್ಲಿಯೂ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1682ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿಯೂ ಅವರಿಗಾಗಿ ದೊಡ್ಡ ಮಂದಿರಗಳನ್ನು ಸ್ಥಾಪಿಸಿದರು. ಅಲ್ಲಿ ದೊರೆತುದು ಅನ್ನ, ಬಟ್ಟೆ, ಸೂರು. ಇದು ಔದಾರ್ಯ, ವಿಜ್ಞಾನವಲ್ಲ. ವಿಜ್ಞಾನವು ಸೈನಿಕರ ಮನೆಯನ್ನು ಹೊಕ್ಕುದು ಇಪ್ಪತ್ತನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಲಕ್ಷಾಂತರ ಸೈನಿಕರು ಏಕಕಾಲಕ್ಕೆ ಮುದುಕರಾಗುವರೆಂಬುದನ್ನು ಅಮೆರಿಕದ ನಿವೃತ್ತ ಸೈನಿಕರ ಇಲಾಖೆ ಮುಂಚಿತವಾಗಿಯೇ ಲೆಕ್ಕಹಾಕಿ, 1975ರಲ್ಲಿ ಜರಾವೈದ್ಯದ ಸಂಶೋಧನೆ ಹಾಗೂ ಶಿಕ್ಷಣಕ್ಕಾಗಿ ವಿಶೇಷ ಕೇಂದ್ರಗಳನ್ನು ತೆರೆಯಲಾರಂಭಿಸಿತು.

ಆ ಇಲಾಖೆಗೆ ಸೇರಿದ ಲಾಸ್ ಏಂಜಲೀಸಿನ ಸೆಪುಲ್ವೆಡಾ ಆಸ್ಪತ್ರೆಯಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 1984ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದ 123 ಮಂದಿ ವಯೋವೃದ್ಧ ರೋಗಿಗಳನ್ನು ಚೀಟಿ ಎತ್ತಿದಂತೆ, ಯಾವ ಪಕ್ಷಪಾತಕ್ಕೂ ಎಡೆಯಿಲ್ಲದ ಹಾಗೆ, ಎರಡು ಗುಂಪುಗಳಾಗಿ ಮಾಡಿದರು. 60 ಮಂದಿಗೆ ವಾಡಿಕೆಯ ಚಿಕಿತ್ಸೆ. 63 ಮಂದಿಗೆ ಜರಾವೈದ್ಯರ ನೇತೃತ್ವದ ವಿಶೇಷ ವಾರ್ಡು. ಆ ವಾರ್ಡಿನಲ್ಲಿ ಹೊಸ ಔಷಧಿಯಾಗಲಿ ಹೊಸ ಯಂತ್ರವಾಗಲಿ ಇರಲಿಲ್ಲ. ಇದ್ದುದು ಒಂದು ಪದ್ಧತಿ: ವೈದ್ಯ, ದಾದಿ, ವ್ಯಾಯಾಮ ಚಿಕಿತ್ಸಕ, ಸಮಾಜಸೇವಕ ಇವರೆಲ್ಲ ಕೂಡಿ ಕುಳಿತು ರೋಗಿಯ ದೇಹ, ಮನಸ್ಸು, ನಡಿಗೆ, ಮಾತ್ರೆಗಳು, ಮನೆಯ ಸ್ಥಿತಿ ಎಲ್ಲವನ್ನೂ ಒಟ್ಟಿಗೆ ಪರಿಶೀಲಿಸುವುದು. ಒಂದು ವರ್ಷದ ಕೊನೆಗೆ ವಾಡಿಕೆಯ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 48. ವಿಶೇಷ ವಾರ್ಡಿನ ಗುಂಪಿನಲ್ಲಿ ನೂರಕ್ಕೆ 24.

ವಿಜ್ಞಾನದ ವಿದ್ಯಾರ್ಥಿ ಒಂದೇ ಪ್ರಯೋಗಕ್ಕೆ ಮಾರುಹೋಗಬಾರದು. ಅದೇ ಇಲಾಖೆ ಮುಂದೆ ತನ್ನ 11 ಆಸ್ಪತ್ರೆಗಳಲ್ಲಿ 1388 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಯುಸ್ಸು ಹೆಚ್ಚಿದುದು ಕಂಡುಬರಲಿಲ್ಲ. ಆದರೆ ವಿಶೇಷ ವಾರ್ಡಿನಲ್ಲಿದ್ದವರು ತಮ್ಮ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ಶಕ್ತಿಯನ್ನು ಹೆಚ್ಚಾಗಿ ಉಳಿಸಿಕೊಂಡಿದ್ದರು. ನಮ್ಮ ಮಟ್ಟಿಗೆ ಈ ಎರಡನೆಯ ಫಲಿತಾಂಶವೇ ಹೆಚ್ಚು ಬೆಲೆಯುಳ್ಳದ್ದು. ಜರಾವೈದ್ಯನು ಸಾವನ್ನು ಗೆಲ್ಲುವವನಲ್ಲ. ಬದುಕಿರುವಷ್ಟು ಕಾಲ ಮನುಷ್ಯನು ತನ್ನ ಕಾಲಮೇಲೆ ತಾನು ನಿಲ್ಲುವಂತೆ ನೋಡಿಕೊಳ್ಳುವವನು.

ಹಾಗಾದರೆ ಸೈನಿಕರ ಶುಶ್ರೂಷಾಲಯದ ಮುಖ್ಯಸ್ಥನಾದ ಜರಾವೈದ್ಯನು ದಿನವೆಲ್ಲ ಮಾಡುವುದೇನು? ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅವನ ಕೆಲಸದಲ್ಲಿ ಕುತೂಹಲ ಹುಟ್ಟಿಸಿದುದು ಅದರಲ್ಲಿ ಅಡಗಿರುವ ಅಳತೆ. ಮೊದಲನೆಯದಾಗಿ ನಡಿಗೆ. ನೆಲದ ಮೇಲೆ ನಾಲ್ಕು ಮೀಟರು ಗುರುತುಮಾಡಿ, ಹಿರಿಯರು ತಮ್ಮ ಎಂದಿನ ನಡಿಗೆಯಲ್ಲಿ ಅದನ್ನು ಎಷ್ಟು ಸೆಕೆಂಡಿನಲ್ಲಿ ದಾಟುವರೆಂದು ನೋಡುತ್ತಾನೆ. ಐದು ಸೆಕೆಂಡಾದರೆ ವೇಗ ಸೆಕೆಂಡಿಗೆ 0.8 ಮೀಟರು. ಅರವತ್ತೈದು ದಾಟಿದ 34,485 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ಸರಳವಾದ ಅಳತೆಗೂ ಮುಂದಿನ ಆಯುಸ್ಸಿಗೂ ನಿಕಟ ಸಂಬಂಧವಿದೆಯೆಂದು ತೋರಿಸಿತು. ಹೃದಯ, ಶ್ವಾಸಕೋಶ, ನರ, ಸ್ನಾಯು, ಕಣ್ಣು ಇವೆಲ್ಲ ಕೂಡಿ ದುಡಿದರಲ್ಲವೆ ಒಂದು ಹೆಜ್ಜೆ! ಅಷ್ಟನ್ನೂ ಒಂದು ಕೈಗಡಿಯಾರ ಅಳೆದುಬಿಡುತ್ತದೆ.

ಎರಡನೆಯದು ಕಿವಿ. ಬಂದೂಕು ಫಿರಂಗಿಗಳ ಸದ್ದು 140 ಡೆಸಿಬೆಲ್ ಮೀರುತ್ತದೆ. ಆ ಮಟ್ಟದ ಸದ್ದು ಒಂದೇ ಬಾರಿ ಬಡಿದರೂ ಒಳಕಿವಿಗೆ ಅಪಾಯವುಂಟು. ಮೊದಲು ಹಾನಿಯಾಗುವುದು ಹೆಚ್ಚಿನ ಆವೃತ್ತಿಯ ಸ್ವರಗಳನ್ನು ಗ್ರಹಿಸುವ ಶಕ್ತಿಗೆ. ಮಾತಿನಲ್ಲಿ ಅ, ಆ, ಉ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಆವೃತ್ತಿಗಳಲ್ಲಿದೆ. ಸಕಾರ ಶಕಾರಗಳದು ಮೇಲಿನ ಆವೃತ್ತಿಗಳಲ್ಲಿದೆ. ಆದುದರಿಂದ ಮುದಿ ಸೈನಿಕನಿಗೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಊಟಕ್ಕೆ ಕುಳಿತಾಗ ‘ಸಾಕು’ ಎಂದುದು ‘ಹಾಕು’ ಎಂದು ಕೇಳಿಸಿದರೆ ಉತ್ತರ ತಪ್ಪಾಗದೆ ಇನ್ನೇನಾದೀತು? ನಾವು ಇನ್ನಷ್ಟು ಕಿರುಚುತ್ತೇವೆ. ಕಿರುಚಿದಾಗ ಬಲಗೊಳ್ಳುವುದು ಬಹುಮಟ್ಟಿಗೆ ಸ್ವರಾಕ್ಷರಗಳೇ. ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಬೇಕು. ಶ್ರವಣಯಂತ್ರವನ್ನು ಆಯಾ ಆವೃತ್ತಿಗೆ ಹೊಂದಿಸಿ ಕೊಡಬೇಕು. ಅರಳುಮರಳೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಕಿವಿಯ ದೋಷವೆಂಬುದನ್ನು ಪರೀಕ್ಷಿಸದೆ ಹೇಳುವಂತಿಲ್ಲ.

ಮೂರನೆಯದು ಬೆಳಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಒಂದೇ ದೀಪದ ಕೆಳಗೆ ಕುಳಿತ ಇಪ್ಪತ್ತರ ಯುವಕನ ಅಕ್ಷಿಪಟವನ್ನು ಸೇರುವ ಬೆಳಕಿನಲ್ಲಿ ಅರವತ್ತರವನಿಗೆ ದೊರಕುವುದು ಸುಮಾರು ಮೂರನೆಯ ಒಂದು ಪಾಲು. ನಮಗೆ ಬೆಳಕಾಗಿ ತೋರುವ ಬಚ್ಚಲುಮನೆ ಅಜ್ಜನಿಗೆ ಮಬ್ಬುಗತ್ತಲೆ. ಆದುದರಿಂದ ಶುಶ್ರೂಷಾಲಯದ ವೈದ್ಯನು ಔಷಧಿಯ ಚೀಟಿಯ ಜೊತೆಗೆ ದೀಪಕ್ಕೂ, ಗೋಡೆಯ ಹಿಡಿಕಂಬಿಗೂ, ಜಾರದ ನೆಲಕ್ಕೂ ಚೀಟಿ ಬರೆಯುತ್ತಾನೆ. ಅಲ್ಲಿ ಬಡಗಿಯೂ ವಿದ್ಯುತ್ ಕೆಲಸದವನೂ ಚಿಕಿತ್ಸೆಯ ಸಹಭಾಗಿಗಳು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮಾತ್ರೆಗಳ ಲೆಕ್ಕ. ವಿಕಿರಣಪಟು ಧಾತುಗಳಿಗೆ ಅರ್ಧಾಯುವಿರುವಂತೆ ದೇಹವನ್ನು ಹೊಕ್ಕ ಔಷಧಿಗಳಿಗೂ ಅರ್ಧಾಯುವುಂಟು. ನಿದ್ರೆಗೂ ಆತಂಕಕ್ಕೂ ಕೊಡುವ ಡಯಾಜೆಪಾಮ್ ಎಂಬುದರ ಅರ್ಧಾಯು ಇಪ್ಪತ್ತು ವರ್ಷದವನಲ್ಲಿ ಸುಮಾರು 20 ಗಂಟೆ, ಎಂಬತ್ತು ವರ್ಷದವನಲ್ಲಿ ಸುಮಾರು 90 ಗಂಟೆ ಎಂದು 1975ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಇನ್ನು ಗುಣೋತ್ತರ ಶ್ರೇಢಿಯನ್ನು ಬಲ್ಲ ವಿದ್ಯಾರ್ಥಿ ತಾನೇ ಲೆಕ್ಕಮಾಡಬಹುದು. ದಿನಕ್ಕೊಂದರಂತೆ ಮಾತ್ರೆ ನುಂಗುತ್ತ ಹೋದರೆ ಯುವಕನ ದೇಹದಲ್ಲಿ ಕೂಡಿಕೊಳ್ಳುವ ಮೊತ್ತ ಕೊನೆಗೆ ಸುಮಾರು 1.8 ಮಾತ್ರೆಗಳಷ್ಟರಲ್ಲಿ ನಿಲ್ಲುತ್ತದೆ. ವೃದ್ಧನಲ್ಲಿ ಸುಮಾರು 6ರಷ್ಟಾಗುತ್ತದೆ. ಇದರ ಬಹುಭಾಗ ಕೊಬ್ಬಿನಲ್ಲಿ ಅಡಗಿರುವುದರಿಂದ, ಆರು ಮಾತ್ರೆಗಳನ್ನು ಒಮ್ಮೆಗೇ ನುಂಗಿದಂತಲ್ಲವೆಂಬುದು ನಿಜ. ಆದರೆ ಹಾಗೆ ಸೇರಿಕೊಂಡುದು ಬೇಗ ಹೊರಹೋಗುವುದಿಲ್ಲ. ಮುಪ್ಪಿನ ಮಿದುಳು ಅದಕ್ಕೆ ಹೆಚ್ಚು ಸುಲಭವಾಗಿ ಮಣಿಯುತ್ತದೆ. ಫಲ: ಹಗಲುನಿದ್ರೆ, ಮರೆವು, ತೂರಾಟ, ಬೀಳುವಿಕೆ.

ಹಾಸಿಗೆಯೂ ಒಂದು ಔಷಧಿಯೇ. ಅದನ್ನೂ ಅಳೆದು ಕೊಡಬೇಕು. ಆರೋಗ್ಯವಂತರಾದ ವೃದ್ಧರನ್ನು ಪರೀಕ್ಷೆಗಾಗಿ ಹತ್ತು ದಿನ ಹಾಸಿಗೆಯಲ್ಲಿರಿಸಿದಾಗ ಅವರ ಕಾಲುಗಳ ಮಾಂಸಖಂಡದಲ್ಲಿ ಸುಮಾರು ಒಂದು ಕಿಲೋಗ್ರಾಮಿನಷ್ಟು ಕರಗಿಹೋದುದು 2007ರಲ್ಲಿ ವರದಿಯಾಯಿತು. ಕಳೆದುಹೋದುದು ಮರಳಿ ಬಾರದೆಂದು ನಿರಾಶರಾಗಬೇಕಾಗಿಲ್ಲ. ಬಾಸ್ಟನ್ನಿನ ಶುಶ್ರೂಷಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ ಕೆಲವರಿಗೆ ಎಂಟು ವಾರ ತೂಕ ಎತ್ತುವ ವ್ಯಾಯಾಮ ಮಾಡಿಸಿದರು. ಅದನ್ನು ಪೂರೈಸಿದ ಒಂಬತ್ತು ಮಂದಿಯ ಕಾಲುಗಳ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಈ ಫಲಿತಾಂಶ ಪ್ರಕಟವಾದುದು 1990ರಲ್ಲಿ. ತೊಂಬತ್ತರಲ್ಲಿ ಹೀಗಾಗುವುದಾದರೆ ಎಪ್ಪತ್ತರವರನ್ನು ‘ಸುಮ್ಮನೆ ಒಂದು ಕಡೆ ಕೂತಿರಿ’ ಎನ್ನುವುದು ಪ್ರೀತಿಯೋ ಅಪಚಾರವೋ?

ಅಳತೆಗೆ ಸಿಗದ ಸಂಗತಿಗಳೂ ಉಂಟು. ಸೈನಿಕನು ನೋವನ್ನು ನುಂಗಿಕೊಳ್ಳುವುದನ್ನು ಇಪ್ಪತ್ತರ ವಯಸ್ಸಿನಲ್ಲಿಯೇ ಕಲಿತವನು. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾನೆ. ರಣರಂಗದ ನೆನಪುಗಳು ಇಳಿವಯಸ್ಸಿನಲ್ಲಿ, ರಾತ್ರಿಯ ಹೊತ್ತು, ಮರಳಿ ಬರುವುದುಂಟು. ಅವನ ವೈದ್ಯನಾದವನಿಗೆ ಕೇಳದೆ ತಿಳಿಯುವ ಕಣ್ಣೂ, ಆತುರಪಡದೆ ಕುಳಿತು ಕೇಳುವ ಕಿವಿಯೂ ಬೇಕು. ಯಾವ ಚಿಕಿತ್ಸೆಯನ್ನು ಮಾಡಬೇಕು ಎಂಬುದರಷ್ಟೇ ಯಾವುದನ್ನು ಬಿಡಬೇಕು, ಕೊನೆಗಾಲದಲ್ಲಿ ರೋಗಿಯ ಇಚ್ಛೆಯೇನು ಎಂಬುದನ್ನು ಅವನೊಡನೆಯೂ ಮನೆಯವರೊಡನೆಯೂ ಮುಚ್ಚುಮರೆಯಿಲ್ಲದೆ ಮಾತನಾಡುವ ಧೈರ್ಯವೂ ಬೇಕು.

ವಯಸ್ಸಿನ ಅಂಕಿಯೊಂದರಿಂದಲೇ ಯಾರನ್ನೂ ಅಳೆಯಲಾಗದು. ಕೊಡಗಿನ ಜನರಲ್ ಕೆ. ಎಂ. ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ದೊರೆತುದು 1986ರಲ್ಲಿ. ಆಗ ಅವರಿಗೆ ಎಂಬತ್ತೇಳು ವರ್ಷ. 1993ರಲ್ಲಿ ತೊಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ವರ್ಷದ ಇಬ್ಬರು ಬಾಲಕರು ಒಬ್ಬರನ್ನೊಬ್ಬರು ಹೋಲುವಷ್ಟು ಎಂಬತ್ತರ ಇಬ್ಬರು ಮುದುಕರು ಹೋಲುವುದಿಲ್ಲ. ಬಾಳು ಮುಂದುವರಿದಂತೆ ವ್ಯತ್ಯಾಸಗಳು ಹೆಚ್ಚುತ್ತ ಹೋಗುತ್ತವೆ. ಆದುದರಿಂದಲೇ ವೃದ್ಧರ ವೈದ್ಯ ಎಲ್ಲರಿಗಿಂತ ಹೆಚ್ಚು ಸೂಕ್ಷ್ಮವಾಗಿ ಪರೀಕ್ಷಿಸಬೇಕಾದವನು. ನಮ್ಮಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ.

ನಮ್ಮ ದೇಶದಲ್ಲಿ ಏನೂ ನಡೆದಿಲ್ಲವೆಂದಲ್ಲ. ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು 1978ರಲ್ಲಿಯೇ ವೃದ್ಧರಿಗಾಗಿ ಪ್ರತ್ಯೇಕ ವಿಭಾಗವನ್ನು ಆರಂಭಿಸಿದರು. 1996ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಈ ಶಾಸ್ತ್ರದ ಎಂ.ಡಿ. ವ್ಯಾಸಂಗ ಮೊದಲಾಯಿತು. ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರಿಗಾಗಿ ಪುಣೆಯ ಖಡಕಿಯಲ್ಲಿ 1974ರಿಂದ ಒಂದು ಪುನರ್ವಸತಿ ಕೇಂದ್ರವಿದೆ. ನಿವೃತ್ತ ಸೈನಿಕರ ಚಿಕಿತ್ಸೆಗಾಗಿ ಇ.ಸಿ.ಎಚ್.ಎಸ್. ಯೋಜನೆ 2003ರಲ್ಲಿಯೂ, ಎಲ್ಲ ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಲ್ಲಿಯೂ ಜಾರಿಗೆ ಬಂದವು. ಆದರೆ 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಗಿಲು. ಕರ್ನಾಟಕದಲ್ಲಿ ಅವರ ಪಾಲು ದೇಶದ ಸರಾಸರಿಗಿಂತ ಹೆಚ್ಚಾಗಿತ್ತು. ಈ ಸಮುದಾಯದ ಮುಂದೆ ತರಬೇತಿ ಪಡೆದ ಜರಾವೈದ್ಯರ ಸಂಖ್ಯೆ ಸಮುದ್ರದಲ್ಲಿ ಹಿಡಿ ಉಪ್ಪಿನಷ್ಟು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ‘ತಂದೆತಾಯಿಗಳನ್ನು ಮನೆಯಲ್ಲಿಟ್ಟುಕೊಂಡು ಸಾಕುವ ನಮಗೆ ಶುಶ್ರೂಷಾಲಯವೇಕೆ?’ ನಮ್ಮ ಹವಾಲ್ದಾರರ ಸೊಸೆಯೂ ಕಣ್ಣೀರಿಟ್ಟು ನಮ್ಮೊಡನೆ ಅಂದುದು ಇದೇ: ‘ಮೇಷ್ಟ್ರೆ, ಮಾವನವರಿಗೆ ನಾವೇನು ಕಡಿಮೆ ಮಾಡಿದ್ದೇವೆ?’ ಏನೂ ಕಡಿಮೆ ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಎಲ್ಲ ಮಾತ್ರೆಗಳನ್ನೂ ಆಕೆಯೇ ಕೈಯಾರೆ ಕೊಡುತ್ತಿದ್ದಳು. ಪ್ರೀತಿಗೆ ಅಲ್ಲಿ ಕೊರತೆಯಿರಲಿಲ್ಲ; ಕೊರತೆಯಿದ್ದುದು ಆ ಮಾತ್ರೆಗಳನ್ನು ಒಟ್ಟಿಗೆ ನೋಡಬಲ್ಲ ಒಬ್ಬ ವೈದ್ಯನದು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಸಲಹೆ ಕೊಡುವುದೂ, ನೋಡುವವರಿಲ್ಲದವರಿಗೆ ಮನೆಯಾಗುವುದೂ ಇಂಥ ಸಂಸ್ಥೆಯ ಕೆಲಸ.

ಎರಡನೆಯದು: ‘ಸೈನಿಕರಿಗೇ ಮೊದಲೇಕೆ? ಹೊಲದಲ್ಲಿ ಗೇದ ರೈತನೂ ಗಿರಣಿಯಲ್ಲಿ ದುಡಿದ ಕೂಲಿಯೂ ಮುದುಕರಾಗುವುದಿಲ್ಲವೆ?’ ಈ ಪ್ರಶ್ನೆ ನ್ಯಾಯವಾದುದು; ಹತ್ತಿಗಿರಣಿಗಳ ಊರಾಗಿ ಹೆಸರು ಪಡೆದಿದ್ದ ದಾವಣಗೆರೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ನಮ್ಮ ಉತ್ತರವಿಷ್ಟೆ: ಎಲ್ಲಿಂದಲಾದರೂ ಆರಂಭವಾಗಬೇಕು. ಸೈನಿಕರ ಆರೋಗ್ಯದ ದಾಖಲೆಗಳು ತಾರುಣ್ಯದಿಂದಲೂ ಇರುತ್ತವೆ, ಅವರಿಗೊಂದು ಸಂಘಟನೆಯಿದೆ, ಚಿಕಿತ್ಸೆಯ ವೆಚ್ಚಕ್ಕೆ ಏರ್ಪಾಟಿದೆ. ಪ್ರಯೋಗಕ್ಕೆ ಬೇಕಾದುದೆಲ್ಲ ಇಲ್ಲಿ ಸಿದ್ಧವಾಗಿದೆ. ಸೆಪುಲ್ವೆಡಾದಲ್ಲಿ ಸೈನಿಕರಿಂದ ಕಲಿತುದು ಈಗ ಲೋಕದ ವೃದ್ಧರೆಲ್ಲರ ಸ್ವತ್ತು. ಇಲ್ಲಿ ಕಲಿತುದೂ ನಾಳೆ ರೈತನಿಗೂ ಕೂಲಿಗೂ ಸಲ್ಲಬೇಕು. ಸಲ್ಲದಿದ್ದರೆ ಅಂಥ ಸಂಸ್ಥೆಗೆ ಅರ್ಥವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಮಾಡಬೇಕಾದುದು ಮೂರು. ನಿವೃತ್ತ ಸೈನಿಕರ ಚಿಕಿತ್ಸಾಲಯಗಳಲ್ಲಿ ವಾರಕ್ಕೊಂದು ದಿನವಾದರೂ ನಡಿಗೆ, ಕಿವಿ, ಕಣ್ಣು, ಮಾತ್ರೆ ಇವುಗಳ ಸಮಗ್ರ ಪರೀಕ್ಷೆ ನಡೆಯಬೇಕು. ನೋಡುವವರಿಲ್ಲದ ಮುದಿ ಸೈನಿಕರಿಗೆ ರಾಜ್ಯದ ಉತ್ತರ ದಕ್ಷಿಣಗಳಲ್ಲಿ ಒಂದೊಂದಾದರೂ ಶುಶ್ರೂಷಾಲಯ ಬೇಕು; ಅದರ ಮುಖ್ಯಸ್ಥ ಆಡಳಿತಗಾರನಲ್ಲ, ಜರಾವೈದ್ಯನಾಗಿರಬೇಕು; ಫಲಿತಾಂಶಗಳನ್ನು ವರ್ಷವರ್ಷವೂ ಪ್ರಕಟಿಸಬೇಕು. ಮೂರನೆಯದಾಗಿ, ನಮ್ಮ ವೈದ್ಯಕೀಯ ಕಾಲೇಜುಗಳು ಮಕ್ಕಳ ವೈದ್ಯಕ್ಕೆ ಕೊಟ್ಟಷ್ಟೇ ಸ್ಥಾನವನ್ನು ಜರಾವೈದ್ಯಕ್ಕೂ ಕೊಡಬೇಕು. ದಾವಣಗೆರೆಯಲ್ಲಿಯೇ 1965ರಿಂದ ವೈದ್ಯಕೀಯ ಶಿಕ್ಷಣವಿದೆ. ಇಂಥ ಕೆಲಸಕ್ಕೆ ನಮ್ಮ ಊರು ಅನರ್ಹವೇನಲ್ಲ.

ಇನ್ನು ನಮ್ಮ ಹವಾಲ್ದಾರರ ಕಥೆಯನ್ನು ಮುಗಿಸಬೇಕು. ಕೊನೆಗೆ ಮಗ ಅವರನ್ನು ಬೆಂಗಳೂರಿಗೆ, ಈ ಶಾಸ್ತ್ರದಲ್ಲಿ ಪರಿಣತಿ ಪಡೆದ ವೈದ್ಯೆಯೊಬ್ಬರಲ್ಲಿಗೆ ಕರೆದೊಯ್ದ. ಆಕೆ ಮೊದಲು ಕೇಳಿದುದು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಬೇಕೆಂದು. ಒಂಬತ್ತು ಬಗೆಯ ಮಾತ್ರೆಗಳಿದ್ದುವು. ಅವುಗಳಲ್ಲೊಂದು, ಜ್ವರದ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊಟ್ಟ ನಿದ್ರೆಯ ಮಾತ್ರೆ. ನಿಲ್ಲಿಸಬೇಕೆಂದು ಯಾರೂ ಹೇಳದಿದ್ದುದರಿಂದ ಎಂಟು ತಿಂಗಳಿಂದ ನಡೆದುಬಂದಿತ್ತು. ವೈದ್ಯೆ ಅದನ್ನು ಒಮ್ಮೆಗೇ ಬಿಡಿಸದೆ ವಾರವಾರವೂ ಸ್ವಲ್ಪಸ್ವಲ್ಪವಾಗಿ ತಗ್ಗಿಸಿದರು. ಇಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸುವುದು ಅಪಾಯಕರವೆಂಬುದನ್ನು ವಾಚಕರು ಮರೆಯಬಾರದು. ಶ್ರವಣಯಂತ್ರ ಬಂದಿತು, ಬಚ್ಚಲಿಗೆ ಹಿಡಿಕಂಬಿ ಬಂದಿತು, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಬಂದಿತು.

ಅವರು ಮೊದಲಿನಂತಾದರೆಂದು ಹೇಳಿದರೆ ಸುಳ್ಳಾದೀತು. ಎಂಟು ತಿಂಗಳಲ್ಲಿ ಕಳೆದುಕೊಂಡುದೆಲ್ಲ ಮರಳಲಿಲ್ಲ. ಈಗ ಕೋಲು ಹಿಡಿದು ನಡೆಯುತ್ತಾರೆ, ಐದೂವರೆಗಲ್ಲ, ಬಿಸಿಲೇರಿದ ಮೇಲೆ. ಕಳೆದ ತಿಂಗಳು ನಮ್ಮ ವಿದ್ಯಾರ್ಥಿಗಳಿಬ್ಬರು ಹಗ್ಗ ಹಿಡಿದು ನಾಲ್ಕು ಮೀಟರು ಅಳೆದು ಅವರನ್ನು ನಡೆಸಿ ನೋಡಿದರು. ಆರು ಸೆಕೆಂಡು. ‘ಇನ್ನೊಂದು ತಿಂಗಳು ಬಿಟ್ಟು ಬನ್ರೋ, ಐದಕ್ಕೆ ಇಳಿಸ್ತೀನಿ’ ಎಂದರಂತೆ. ಹಗ್ಗವೂ ಗಡಿಯಾರವೂ ಎಲ್ಲ ಮನೆಗಳಲ್ಲಿವೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಅಜ್ಜ ಅಜ್ಜಿಯರೊಡನೆ ಈ ಪ್ರಯೋಗವನ್ನು ಮಾಡಿ ನೋಡಲಿ. ಅವರಲ್ಲಿ ಕೆಲವರಾದರೂ ಮುಂದೆ ಈ ವೈದ್ಯವನ್ನೇ ಆರಿಸಿಕೊಳ್ಳಲಿ. ಮುಂದಿನ ಬಾರಿ ಯಾರಾದರೂ ‘ವಯಸ್ಸಾಯಿತಲ್ಲ’ ಎಂದರೆ, ವಿನಯದಿಂದಲೇ, ‘ಅದು ಸರಿ, ಕಾರಣವೇನು?’ ಎಂದು ಕೇಳುವುದನ್ನು ಮಾತ್ರ ಮರೆಯದಿರಲಿ.